ಐದನೆಯ ಬಿಲ್ಲೆಯ ಗೀರು

ಮೂರು ದಿನ ಕವಿದಿದ್ದ ಮೋಡ ಆ ಬೆಳಿಗ್ಗೆ ಹರಿದಿತ್ತು. ಎಳೆಬಿಸಿಲು ಕಿಟಕಿಯಿಂದ ಓರೆಯಾಗಿ ಮೇಜಿನ ಮೇಲೆ ಬಿದ್ದದ್ದೇ ತಡ, ಹಿತ್ತಾಳೆಯ ಬಿಲ್ಲೆಗಳ ಮೈಮೇಲೆ ಕೂದಲೆಳೆಯಂಥ ಗೀರುಗಳು ಎದ್ದು ಕಂಡವು.

ಗಡಿಯಾರದ ಲೋಲಕಕ್ಕೆಂದು ಮಾಡಿದ ಹನ್ನೆರಡು ಬಿಲ್ಲೆ. ಕನ್ನಡಿಯಂತಿರಬೇಕಾದವು. ಹೊಳಪು ಕೊಟ್ಟವಳು ತಂಗಿ, ಕಾರ್ಖಾನೆ ಅಣ್ಣನದು.

"ಏಳು ವರ್ಷದಿಂದ ಹೊಳಪಿನ ಚಕ್ರದ ಮುಂದೆ ಕೂತಿದ್ದೀಯ. ಕಣ್ಣು ಎಲ್ಲಿಟ್ಟಿದ್ದೆ?" ಅಣ್ಣನ ದನಿ ಏರಲಿಲ್ಲ, ಅವಳಿಗೆ ಅದೇ ಹೆಚ್ಚು ಚುಚ್ಚಿತು. "ಇವತ್ತಿಂದ ನೀನು ಡಬ್ಬ ಕಟ್ಟು. ಚಕ್ರಕ್ಕೆ ನನ್ನ ಭಾವಮೈದ ಕೂರ್ತಾನೆ."

"ನಂಗೆ ದಾರ ಕಟ್ಟೋದೇ ನೆಟ್ಟಗೆ ಬರಲ್ಲ ಭಾವ," ಎಂದ, ಡಬ್ಬ ಕಟ್ಟುತ್ತಿದ್ದ ಭಾವಮೈದ.

ತಂಗಿ ತನ್ನ ಚಕ್ರದತ್ತ ತಿರುಗಿದಳು. ಚಕ್ರ ಹೋದರೆ ತನಗೆ ಉಳಿಯುವುದೇನು?

ಬಿಲ್ಲೆ ಒಯ್ಯಲು ಬಂದಿದ್ದ ಗಡಿಯಾರದಂಗಡಿಯ ಅಜ್ಜಿ ಸ್ಟೂಲು ಎಳೆದು ಕೂತಳು. "ದೇವರು ಇಷ್ಟು ಒಳ್ಳೆ ಬೆಳಕು ಕಳಿಸಿದಾನೆ, ಸುಮ್ಮನೆ ಯಾಕೆ ಬಿಡೋದು?" ಎನ್ನುತ್ತ ಭೂತಗನ್ನಡಿ ಕಣ್ಣಿಗೊತ್ತಿಕೊಂಡಳು.

"ಹಿಂದುಗಡೆ ನಂಬರು ಯಾಕಮ್ಮ?"

"ಉಜ್ಜಿದ ಕ್ರಮ ಅಜ್ಜಿ. ನಿನ್ನೆ ಒಂದಾದ ಮೇಲೊಂದು ಮಾಡಿದ್ದು."

"ನಾಲ್ಕರವರೆಗೆ ಚೊಕ್ಕ. ಐದರಿಂದ ಗೀರು—ನಡುವೆ ಏನಾಯ್ತು?"

"ಊಟಕ್ಕೆ ಎದ್ದೆ."

"ಬಿಲ್ಲೆಗಳನ್ನ ಸುತ್ತಿಟ್ಟ ಬಟ್ಟೆ?"

"ಎಲ್ಲಕ್ಕೂ ಒಂದೇ," ಎಂದ ಭಾವಮೈದ. "ನಾನೇ ಸುತ್ತಿದ್ದು."

"ಬಟ್ಟೇದು ತಪ್ಪಾಗಿದ್ರೆ ಮೊದಲ ನಾಲ್ಕಕ್ಕೂ ಗೀರು ಬೀಳ್ತಿತ್ತು. ಊಟದ ಹೊತ್ತಲ್ಲಿ ನೀನು ನನ್ನಂಗಡೀಲಿ ಹರಟ್ತಾ ಇದ್ದೆ, ನನ್ನ ಕಿವಿಗಿನ್ನೂ ನೋವಿದೆ."

ಅಜ್ಜಿ ತಂಗಿಯ ಬಟ್ಟೆಚಕ್ರದ ಮಡಿಕೆ ಬಿಡಿಸಿದಳು. ಮೇಲೆ ಬಿಳಿ ಮೇಣ, ಆಳದಲ್ಲಿ ಕಂದು.

ತಂಗಿ ಬೆಚ್ಚಿದಳು. "ಕಂದು ಮೇಣದಲ್ಲಿ ಒರಟು ಪುಡಿ ಇರುತ್ತೆ ಅಜ್ಜಿ. ಕೊನೇ ಹೊಳಪಿನ ಚಕ್ರಕ್ಕೆ ಬಿಳಿ ಮೇಣ ಬಿಟ್ಟು ಇನ್ನೊಂದು ಸೋಕಿಸಬಾರದು. ಒಮ್ಮೆ ಹೊಕ್ಕ ಪುಡಿ ಹೋಗಲ್ಲ."

"ಯಾರು ಕಲಿಸಿದ್ದು?"

"ಅಣ್ಣ."

ಅಜ್ಜಿ ನಿಧಾನವಾಗಿ ಅಣ್ಣನತ್ತ ತಿರುಗಿದಳು. "ನಾವೆಲ್ಲ ಬಾಗಿಲ ಹಿತ್ತಾಳೆ ಅಗುಳಿ ಮುಟ್ಟೇ ಒಳಗೆ ಬಂದ್ವಿ. ಯಾರೂ ನೋಡಲಿಲ್ಲ. ಮೊನ್ನೆ ನಾನು ಬಂದಾಗ ಕಿಲುಬು ಹಿಡಿದಿತ್ತು, ಇವತ್ತು ಥಳಥಳ ಅಂತಿದೆ. ಉಜ್ಜಿದ್ದು ಯಾರಪ್ಪ?"

ಅಣ್ಣ ಬಾಗಿಲನ್ನೊಮ್ಮೆ ನೋಡಿದ. ಮುಖ ಇಳಿಯಿತು.

"ನಾನೇ. ನಿನ್ನೆ ಇವಳು ಊಟಕ್ಕೆ ಹೋದಾಗ. ಒರಟು ಕೆಲಸದ ಚಕ್ರ ಬಿಚ್ಚಿಟ್ಟಿದ್ದೆ. ಒಂದು ನಿಮಿಷದ ಕೆಲಸ ಅಂತ ಇವಳ ಚಕ್ರಕ್ಕೇ ಕಂದು ಮೇಣ ಹಚ್ಚಿದೆ. ಮರೆತೂಬಿಟ್ಟೆ."

"ಆಮೇಲೆ ಇವಳು ಹಚ್ಚಿದ ಬಿಳಿ ಮೇಣ ಅದನ್ನ ಮುಚ್ಚಿತು. ನಿನ್ನೆಯ ಮಬ್ಬಲ್ಲಿ ಗೀರು ಯಾವ ಕಣ್ಣಿಗೂ ಕಾಣ್ತಿರಲಿಲ್ಲ," ಎಂದಳು ಅಜ್ಜಿ.

ಅಣ್ಣ ಕೆಟ್ಟ ಚಕ್ರ ಬಿಚ್ಚಿ ತಾನೇ ಕೂತ. ಎಂಟೂ ಬಿಲ್ಲೆಗಳನ್ನು ಗೀರಿಗೆ ಅಡ್ಡಲಾಗಿ ನಯವಾಗಿ ಉಜ್ಜಿದ. ಗೀರು ಅಳಿದ ಮೇಲೆ ತೊಳೆದ. ಹೊಸ ಬಟ್ಟೆಚಕ್ರದಲ್ಲಿ ಹೊಳಪೇರಿಸಿದ. ಮಧ್ಯಾಹ್ನವಾಯಿತು. ಯಾರೂ ಊಟಕ್ಕೆ ಏಳಲಿಲ್ಲ.

ಕೊನೆಯದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂಗಿಗೆ ಕೊಟ್ಟ. ಅವಳು ಬೆಳಕಿಗೆ ಓರೆಮಾಡಿ ನೋಡಿ ತಲೆಯಾಡಿಸಿದಳು. ಅಣ್ಣ ಚಕ್ರದ ಮುಂದಿನಿಂದ ಎದ್ದು, ಅವಳು ಕೂರಲೆಂದು ಪಕ್ಕಕ್ಕೆ ಸರಿದು ನಿಂತ.