ನೀಲಿ ಪಟ್ಟಿಯ ಮ್ಯಾಗಜೀನ್

ಅಮೆರಿಕದ ಐಡಾಹೋದ ಹೇಸನ್ ಬೆಂಡ್‌ ಊರಿನಲ್ಲಿ ರೈಫಲ್ ಸಿಡಿದ ಕೇಸು ಬಿಡಿಸಿದ್ದು ಯಾರು ಅಂತ ಕೇಳಿ ನೋಡಿ. ಈ ಕೋಲ್ಬಿ ರಿಗ್ಸ್! ಶೆರಿಫ್ ‘ಆಕಸ್ಮಿಕ’ ಎಂದು ಬರೆದು ಫೈಲು ಮುಚ್ಚಿದ್ದ ಕೇಸು ಅದು. ತಲೆ ವೆಲ್ಡಾ ಆಂಟಿಯದು, ಒಪ್ಪಿಕೊಳ್ಳುತ್ತೇನೆ. ಬಲಗೈ ಮಾತ್ರ ನಾನು. ನಾನಿಲ್ಲದಿದ್ದರೆ ಆ ಕೇಸೇ ಇರುತ್ತಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಮೂರೇ ಜನ. ಮಾಲೀಕ ರಾಯ್ಸ್ ಟಾಲಿವರ್, ಹದಿನೆಂಟು ವರ್ಷಗಳಿಂದ ನಳಿಗೆ ಕೊರೆದು ರೈಫಲ್ ಜೋಡಿಸುವ ನೆಡ್ರಾ ಪೈಕ್, ಮತ್ತೆ ಪ್ಯಾಕಿಂಗು, ವಿಡಿಯೋ, ತರಲೆ ಎಲ್ಲಕ್ಕೂ ನಾನು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ವೆಲ್ಡಾ ಆಂಟಿ. ಮೂವತ್ತು ವರ್ಷ ಕಾಡಿನಲ್ಲಿ ಕಳ್ಳಬೇಟೆಗಾರರನ್ನು ಹಿಡಿದು ನಿವೃತ್ತರಾದವರು. ಊರಿನ ಕೋಳಿ ಕಳೆದರೂ ಜನ ಅವರ ಮೆಟ್ಟಿಲನ್ನೇ ಹತ್ತುತ್ತಿದ್ದರು.

ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಏರಿಸಿಕೊಳ್ಳುವ ರೈಫಲ್‌ಗಳನ್ನು ಎಲ್ಲರೂ ಮಾಡುತ್ತಾರೆ. ನಾವು ಮಾಡುತ್ತಿದ್ದುದು ಬೇರೆಲ್ಲೂ ಸಿಗದ ದಪ್ಪ ಅಳತೆಗಳಲ್ಲಿ. ನಮ್ಮದೇ ಗುಂಡುಗಳು ಎರಡು. ದಪ್ಪನೆಯದು ಬೈಸನ್, ಸ್ವಲ್ಪ ತೆಳ್ಳನೆಯದು ಎಲ್ಕ್. ಎರಡಕ್ಕೂ ಗುಂಡು ತುಂಬಿ ರೈಫಲ್‌ಗೆ ತೂರಿಸುವ ಡಬ್ಬಿ, ಅಂದರೆ ಮ್ಯಾಗಜೀನ್, ಒಂದೇ; ಹೊರಗಿನಿಂದ ರೈಫಲ್‌ಗಳೂ ಒಂದೇ ಥರ. ಹಾಗಾಗಿ ಬೈಸನ್ ಮ್ಯಾಗಜೀನಿಗೆ ಕೆಂಪು ಪಟ್ಟಿ, ಎಲ್ಕ್‌ಗೆ ನೀಲಿ ಪಟ್ಟಿ ಅಂಟಿಸುವುದು ನೆಡ್ರಾಳ ಪದ್ಧತಿ. ಎಷ್ಟು ವರ್ಷದ ಅಭ್ಯಾಸವೆಂದರೆ, ನಾವು ಗುಂಡು ನೋಡುವುದನ್ನೇ ಬಿಟ್ಟು ಬರೀ ಪಟ್ಟಿ ನೋಡುತ್ತಿದ್ದೆವು.

ಅಕ್ಟೋಬರಿನ ಪ್ರದರ್ಶನದ ದಿನ, ಐವತ್ತು ಗಿರಾಕಿಗಳ ಮುಂದೆ ರಾಯ್ಸ್ ಹೊಸ ಎಲ್ಕ್ ರೈಫಲ್ ಎತ್ತಿಕೊಂಡ. ನೀಲಿ ಪಟ್ಟಿಯ ಮ್ಯಾಗಜೀನ್ ತೂರಿಸಿ ಟ್ರಿಗರ್ ಎಳೆದ. ರೈಫಲ್ ಅವನ ಕೈಯಲ್ಲೇ ಸಿಡಿಯಿತು. ಕನ್ನಡಕದಿಂದ ಕಣ್ಣು ಉಳಿಯಿತು. ಎಡಗೈಯ ಎರಡು ಬೆರಳು ಹೋದವು.

ನಾಲ್ಕನೇ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದವನು ನೇರ ನೆಡ್ರಾಳ ಬೆಂಚಿನ ಮುಂದೆ ನಿಂತ. "ನಳಿಗೆ ಕೊರೆದೋಳು ನೀನು. ನಾಳೆಯಿಂದ ಬರ್ಬೇಡ. ತಪ್ಪು ನಂದೇ ಅಂತ ಬರ್ದು ಸೈನ್ ಹಾಕ್ಬಿಟ್ಟು ಹೋಗು."

ಅಂಥ ಕಾಗದಕ್ಕೆ ಸಹಿ ಬಿದ್ದರೆ ಈ ಕಸುಬಿನಲ್ಲಿ ಅವಳನ್ನು ಇನ್ನಾರೂ ಕರೆಯುವುದಿಲ್ಲ. ಅವಳಿಗೆ ಐವತ್ತೆಂಟು ವರ್ಷ, ಬೇರೆ ಕೆಲಸ ಗೊತ್ತಿಲ್ಲ.

"ನಾಳೆವರ್ಗೂ ತಡ್ಕೋ ರಾಯ್ಸ್," ಎಂದರು ಮೆಟ್ಟಿಲ ಮೇಲಿಂದ ವೆಲ್ಡಾ ಆಂಟಿ. "ಆ ಒಡಕಲು ರೈಫಲ್ ನಂಗೆ ಕೊಡು. ಕೋಲ್ಬಿ, ನಿನ್ ವಿಡಿಯೋನೂ ತಗೊಂಬಾ."

"ಆಂಟಿ, ಈ ಕೋಲ್ಬಿ ಕಣ್ಣು ಬಿಟ್ಟ ಅಂದ್ರೆ ಅಪರಾಧಿ ಕನಸಲ್ಲೂ ಬೆವರ್ತಾನೆ!"

"ಬೆವರ್ತಿರೋನು ನೀನು ಕಣೋ ಹೀರೋ. ಹೊರಗೆ ಹಿಮ ಬೀಳ್ತಿದೆ."

ನಾನೇ ಜೋರಾಗಿ ನಕ್ಕೆ.

ಆ ಮಧ್ಯಾಹ್ನವೆಲ್ಲ ಅವರ ಜೊತೆಗಿದ್ದೆ. ಸೀಳಿದ ನಳಿಗೆಯೊಳಗೆ ಸಿಕ್ಕಿಕೊಂಡಿದ್ದ ಸೀಸದ ಉಂಡೆಯನ್ನು ಅವರು ಸಲಾಕೆಯಿಂದ ತಳ್ಳಿ ತೆಗೆದರು. ಬುಡ ದಪ್ಪ, ಮೂತಿ ಹೊಸೆದ ಬತ್ತಿಯಂತೆ ಉದ್ದ. ಮ್ಯಾಗಜೀನಿನ ನೀಲಿ ಪಟ್ಟಿಯನ್ನು ಕೆಟಲ್ಲಿನ ಹಬೆಗೆ ಹಿಡಿದು ಬಿಡಿಸಿದರು. ಅಡಿಯಲ್ಲಿ ಕೆಂಪು ಎಳೆಗಳು ಅಂಟಿಕೊಂಡಿದ್ದವು. ನನ್ನ ವಿಡಿಯೋವನ್ನು ಏಳು ಸಲ ನೋಡಿದರು. ನಾನು ಅಷ್ಟರಲ್ಲಿ ರಾಯ್ಸ್ ಮನೆಗೆ ಕಳಿಸಬೇಕಿದ್ದ ಬಿಸ್ಕತ್ತಿನ ಡಬ್ಬಿಗೆ ಟೇಪು ಎಳೆದು, ಹಲ್ಲಿನಲ್ಲಿ ಕಚ್ಚಿ ಹರಿದು ಸುತ್ತುತ್ತಿದ್ದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಮತ್ತೆ ವಿಡಿಯೋಗೆ ತಿರುಗಿದರು.

ಕೆಳಗಿಳಿದಾಗ ನೆಡ್ರಾ ತನ್ನ ಅರಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. "ಕೋಲ್ಬಿ, ಅವತ್ತು ಬೆಳಿಗ್ಗೆ ನಾನು ಮ್ಯಾಗಜೀನ್ ತುಂಬ್ತಿದ್ದಾಗ ನೀನಿದ್ಯಲ್ಲ. ಸರೀಗ್ ತುಂಬ್ದೆ ತಾನೆ? ಈಚೀಚೆಗೆ ನನ್ ಕಣ್ಣ ಮೇಲೆ ನಂಗೇ ನಂಬ್ಕೆ ಇಲ್ಲ ಮಗಾ."

"ನಾನು ನೋಡ್ಲಿಲ್ಲ ನೆಡ್ರಾ," ಎಂದೆ.

ಮರುದಿನ ಬೆಳಿಗ್ಗೆ ಕಾಫಿ ಯಂತ್ರದ ಸುತ್ತ ಎಲ್ಲರೂ ಕೂತೆವು. ಶೆರಿಫ್ ಕೂಡ ಬಂದಿದ್ದ. ಬೆಂಚಿನ ಮೇಲೆ ಆ ಕಾಗದ, ಪಕ್ಕದಲ್ಲಿ ಪೆನ್ನು.

"ಮೊದಲ್ನೇದು," ಎಂದರು ಆಂಟಿ, ಸೀಸದ ಉಂಡೆ ಎತ್ತಿ ತೋರಿಸಿ. "ಇದು ಬೈಸನ್ ಗುಂಡು. ಎಲ್ಕ್ ನಳಿಗೇಲಿ ಹೋಗೋಕೆ ದಾರಿ ಇಲ್ದೆ ಸಿಕ್ಕಾಕ್ಕೊಂಡಿದೆ. ನೆಡ್ರಾ ಕೊರೆದ ನಳಿಗೆ ಸರಿಯಾಗೇ ಇತ್ತು."

"ಮ್ಯಾಗಜೀನ್ ತುಂಬಿದ್ದೂ ಅವಳೇ ಅಲ್ವಾ!" ಎಂದ ರಾಯ್ಸ್.

"ತುಂಬಿದ್ದು ಅವಳೇ. ಸರಿಯಾಗೇ ತುಂಬಿ, ಸರಿಯಾಗೇ ಕೆಂಪು ಪಟ್ಟಿ ಹಾಕಿದ್ಳು. ನೀಲಿ ಅಡೀಲಿ ಕೆಂಪು ಎಳೆ ಇದೆ ನೋಡು. ಆಮೇಲೆ ಯಾರೋ ಅದನ್ನ ಕಿತ್ತು ನೀಲಿ ಅಂಟಿಸಿದಾರೆ. ಈ ನೀಲಿ ಪಟ್ಟಿ ತುದಿ ನೋಡು, ಹಲ್ಲಲ್ಲಿ ಕಚ್ಚಿ ಹರ್ದಿರೋದು. ನೆಡ್ರಾ, ಕುದುರೆ ಮೇಲಿಂದ ಬಿದ್ಮೇಲೆ ನಿನ್ ಮುಂದಿನ ಹಲ್ಲು?"

"ಕಟ್ಟಿಸ್ಕೊಂಡಿದ್ದು. ಸೇಬು ಕಚ್ಚೋಕೂ ಹೆದ್ರಿಕೆ," ಎಂದಳು ನೆಡ್ರಾ.

"ಅದಕ್ಕೇ ಅವಳ ಕೊರಳಲ್ಲಿ ಯಾವಾಗ್ಲೂ ಕತ್ರಿ. ಗಿರಾಕಿಗಳು ಬರೋ ಮುಂಚೆ ಬೀಗ ಹಾಕಿದ್ ಅಂಗಡಿ ಒಳಗಿದ್ದೋರು ಮೂರೇ ಜನ. ರಾಯ್ಸ್ ತನ್ ಕೈ ತಾನೇ ಹಾರಿಸ್ಕೊಳ್ಳಲ್ಲ." ಆಂಟಿ ಫೋನಿನಲ್ಲಿ ವಿಡಿಯೋ ಹಚ್ಚಿದರು. ರಾಯ್ಸ್ ಇನ್ನೂ ರೈಫಲ್ ಎತ್ತಿಕೊಂಡಿರಲಿಲ್ಲ. ಕ್ಯಾಮೆರಾ ಮಾತ್ರ ಆಗಲೇ ಅವನ ಮುಖದ ಮೇಲಿತ್ತು. ಕ್ಯಾಮೆರಾದ ಹಿಂದಿನಿಂದ ಯಾರೋ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕದ್ದು ಕೇಳಿಸಿತು. "ಏನೂ ಆಗೋ ಮುಂಚೆ ನಗು ಬರ್ಬೇಕು ಅಂದ್ರೆ, ಏನಾಗುತ್ತೆ ಅಂತ ಗೊತ್ತಿರ್ಬೇಕು," ಎಂದರು ಆಂಟಿ. "ಗುಂಡು ಒಳಗೆ ಹೋಗಲ್ಲ, ರೈಫಲ್ ಮುಚ್ಕೊಳಲ್ಲ, ಐವತ್ ಜನರ ಮುಂದೆ ರಾಯ್ಸ್ ಪೆಚ್ಚಾಗಿ ನಿಲ್ತಾನೆ. ಅಷ್ಟೇ ತಮಾಷೆ ಅನ್ಕೊಂಡಿದ್ದ ಅವ್ನು. ಬೈಸನ್ ಗುಂಡಿನ ತೋಟಾ ಗಿಡ್ಡ, ಎಲ್ಕ್ ರೈಫಲ್ ಒಳಗೂ ಹೋಗಿ ಕೂರುತ್ತೆ ಅನ್ನೋದು ಅವ್ನಿಗೆ ಗೊತ್ತಿರ್ಲಿಲ್ಲ."

ಶೆರಿಫ್ ಕೂತಲ್ಲೇ ನನ್ನ ಕಡೆ ತಿರುಗಿದ. ಆಂಟಿ ಕೈ ಎತ್ತಿ ಅವನನ್ನು ತಡೆದರು. "ಹೆಸರು ನಾನ್ ಹೇಳಲ್ಲ. ಅವ್ನೇ ಹೇಳ್ಲಿ. ಕಾಫಿ ಇಳಿಯೋವರ್ಗೂ ಕಾಯ್ತೀನಿ."

ಮುಂದಿನದನ್ನು ನಾನು ಹೋಟೆಲಿನಲ್ಲಿ ಕೂತು ಹೇಳುವ ರೀತಿಯೇ ಬೇರೆ. ನಾನು ಕುರ್ಚಿ ಒದ್ದು ಎದ್ದೆ, ‘ಗುಂಡು ರಾಯ್ಸ್ ಕೈ ಸೀಳಿತು, ಮಾಡಿದ ಪಾಪ ನನ್ನ ಎದೆ ಸೀಳಿತು’ ಅಂದೆ, ಶೆರಿಫ್ ಕಣ್ಣಲ್ಲೂ ನೀರು. ಕೇಳಿದವರು ನನ್ನ ಬೆನ್ನು ತಟ್ಟಿ ಬಿಯರ್ ಕೊಡಿಸುತ್ತಾರೆ.

ನಾನು ಏಳಲಿಲ್ಲ.

ಕಾಫಿ ತೊಟ್ಟಿಕ್ಕುತ್ತಿತ್ತು. ನಾನು ಬೂಟು ನೋಡುತ್ತಾ ಕೂತಿದ್ದೆ. ಆಗ ನೆಡ್ರಾ ಎದ್ದಳು. ಅವಳ ಕಣ್ಣು ನನ್ನ ಮೇಲೇ ಇತ್ತು. ಅವಳಿಗೆ ಗೊತ್ತಾಗಿತ್ತು. "ಸಾಕು ಬಿಡಿ ವೆಲ್ಡಾ. ಚಿಕ್ ವಯಸ್ಸು, ಜೈಲಿಗೆ ಹೋದ್ರೆ ಮುಗೀತು. ರಾಯ್ಸ್, ಆ ಪೆನ್ ಕೊಡು."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಆಗ ನನಗೆ ಆದದ್ದು ನಾಚಿಕೆಯಲ್ಲ, ನಾಚಿಕೆ ಬಂದದ್ದು ಆಮೇಲೆ. ಆ ಕ್ಷಣ ನನ್ನ ಎದೆ ಹಗುರವಾಯಿತು. ಸೈನ್ ಹಾಕು ನೆಡ್ರಾ, ಬೇಗ ಹಾಕು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಸೈನ್ ಹಾಕುವ ಮೊದಲೇ ಕಾಗದವನ್ನು ಅವಳ ಕೈಯಡಿಯಿಂದ ಎಳೆದುಕೊಂಡದ್ದು ರಾಯ್ಸ್, ಎಡಗೈಯಲ್ಲಿ ಉಳಿದ ಮೂರು ಬೆರಳಲ್ಲಿ.