ಕಿರ್ ಎನ್ನುವ ಲಾಂದ್ರ

"ಬಂತಾ?"

ಹೆಗಲಿನ ಸ್ಕೂಲ್ ಬ್ಯಾಗನ್ನೂ ಇಳಿಸದೆ, ಅಡುಗೆಮನೆಯ ಬಾಗಿಲಲ್ಲೇ ನಿಂತು ರೋಜೆಲ್ಡಾ ಕೇಳಿದಳು.

ಡೆನ್ವರ್ ಮಾವ ಫೋನಿನಿಂದ ಕಣ್ಣೆತ್ತಲಿಲ್ಲ. "ಇಲ್ಲ ಪುಟ್ಟಿ."

"ಮೆಸೇಜಾದ್ರೂ?"

"ಅದೂ ಇಲ್ಲ."

ಹರಾಜು ಮುಗಿದು ಐದು ದಿನವಾಗಿತ್ತು, ಗೆದ್ದವನ ದುಡ್ಡು ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಬೂಟಿನ ಡಬ್ಬವೊಂದು ಕಾಯುತ್ತಾ ಕೂತಿತ್ತು. ಅದರೊಳಗೆ ತಾತನ ಲಾಂದ್ರ. ಗೂಡ್ಸ್ ರೈಲಿನ ಗಾರ್ಡ್ ಆಗಿದ್ದ ತಾತ ಡಿ ಆರ್ ಎಂಬ ಈ ಊರಿನ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಅದನ್ನು ಬೀಸಿದ್ದರು. ಲಾಂದ್ರದ ತಲೆ ತಿರುಗಿಸಿದರೆ ಬಿಳಿ, ಕೆಂಪು, ಹಸಿರು ಎಂದು ಮೂರು ಗಾಜು. ಈಗ ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು, ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಮಲಗಿತ್ತು.

ಮಾರುವ ಮಾತು ಮೊದಲು ತೆಗೆದವರು ಅಜ್ಜಿಯೇ. ರೋಜೆಲ್ಡಾಳ ಅಮ್ಮ ದೂರದ ಸಲ್ಡಾನಾದಲ್ಲಿ, ಸಮುದ್ರದ ಪಕ್ಕದ ಮೀನಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳು. ಈಸ್ಟರ್‌ಗೆ ಬಂದು ಹೋದವಳು ಮತ್ತೆ ಬಂದಿರಲಿಲ್ಲ. ಕ್ರಿಸ್‌ಮಸ್‌ಗೆ ಮೂರು ದಿನ ರಜೆ ಇದೆ, ಬರೋಕೆ ಹೋಗೋಕೇ ಎರಡು ದಿನ ಬೇಕು, ನೀನೇ ಬಾ ಎಂದಿದ್ದಳು. ಬಸ್ಸಿನ ಟಿಕೆಟ್ಟಿಗೆ ದುಡ್ಡೆಲ್ಲಿಂದ ಎಂಬ ಮಾತು ಬಂದಾಗ ಅಜ್ಜಿ ಎದ್ದು ಹೋಗಿ ಬೀರುವಿನ ಮೇಲಿನಿಂದ ಲಾಂದ್ರ ಇಳಿಸಿ ತಂದಿದ್ದರು. ಅದರ ಧೂಳನ್ನು ತಮ್ಮ ಏಪ್ರನ್ನಿನಲ್ಲೇ ಒರೆಸಿದ್ದರು.

ಅಮ್ಮ ದಿನವೂ ಫೋನಿಗೆ ಏನಾದರೊಂದು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಒಮ್ಮೆ ಅಲೆಗಳ ಸದ್ದು. ಒಮ್ಮೆ ಮೀನಿಗಾಗಿ ಜಗಳವಾಡುವ ಕಡಲಹಕ್ಕಿಗಳು. ರೋಜೆಲ್ಡಾ ಅವನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದಳು. ಹಕ್ಕಿಗಳ ನಡುವೆ ಎಲ್ಲೋ ಒಂದು ಕಡೆ ಅಮ್ಮ ಮೂಗು ಎಳೆದುಕೊಂಡದ್ದು ಕೇಳುತ್ತಿತ್ತು. ಅವಳಿಗೆ ಅದೇ ಎಲ್ಲಕ್ಕಿಂತ ಇಷ್ಟ.

ಇನ್ನೊಂದು ವಿಷಯವಿತ್ತು. ಅಮ್ಮ ಹೆಣೆದ ಜಡೆ ವಾರವಾದರೂ ಸಡಿಲವಾಗುತ್ತಿರಲಿಲ್ಲ. ಅಜ್ಜಿಯ ಬೆರಳುಗಳಿಗೆ ನೋವು. ಅವರು ಹೆಣೆದ ಜಡೆ ಎರಡನೇ ಪೀರಿಯಡ್ಡಿಗೇ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ರೋಜೆಲ್ಡಾ ಅಜ್ಜಿಗೆ ಒಂದು ದಿನವೂ ಹೇಳಿರಲಿಲ್ಲ.

ಮಾವ ತಮ್ಮ ಫೋನಿನಿಂದ ಲಾಂದ್ರವನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದರು. ವಾರದೊಳಗೆ ಯಾರು ಹೆಚ್ಚಿಗೆ ಕೂಗುತ್ತಾರೋ ಲಾಂದ್ರ ಅವರಿಗೆ. ಕೊನೆಗೆ ಗೆದ್ದವನ ಹೆಸರು 'ಯಾಪಿ47'. ಗೆದ್ದವನು ಗೆದ್ದ ಮೇಲೆ ಮಾಯವಾಗಿಬಿಟ್ಟ. ಏಳು ದಿನ ಕಾಯಬೇಕು, ಆಮೇಲೆಯೇ ವ್ಯಾಪಾರ ರದ್ದು ಮಾಡಿ ಎರಡನೇ ಹೆಚ್ಚಿನ ಬೆಲೆ ಕೂಗಿದವರನ್ನು ಕೇಳಬಹುದು, ಅದು ಅಲ್ಲಿನ ನಿಯಮ.

ಬಸ್ಸಿಗೆ ಆ ನಿಯಮ ಗೊತ್ತಿರಲಿಲ್ಲ. ಟಿಕೆಟ್ ಮಾರುವ ಅಂಗಡಿಯಲ್ಲಿ ಸೋಮವಾರ ಕೇಳಿದಾಗ ಇಪ್ಪತ್ತೆರಡನೇ ತಾರೀಕಿಗೆ ಹನ್ನೊಂದು ಸೀಟು ಇತ್ತು. ಇವತ್ತು ನಾಲ್ಕು.

ಆರನೇ ದಿನ ರೋಜೆಲ್ಡಾಗೆ ತಡೆಯಲಾಗಲಿಲ್ಲ. ಗೆದ್ದವನ ಫೋನ್ ನಂಬರು ಹರಾಜಿನವರು ಮಾವನಿಗೆ ಕಳಿಸಿದ್ದ ಮೆಸೇಜಿನಲ್ಲೇ ಇತ್ತು. ಅಜ್ಜಿಯ ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋಗಿ ಒತ್ತಿದಳು. ತುಂಬ ಹೊತ್ತು ರಿಂಗಾಯಿತು.

"ಹಲೋ," ಎಂದಿತು ಒಂದು ಮುದಿ ದನಿ.

ಅವಳು ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ಖಡಕ್ ಮಾತುಗಳಲ್ಲಿ ಅರ್ಧ ಅಲ್ಲಿಯೇ ಮರೆತುಹೋದವು. "ನೀವು ಲಾಂದ್ರದವರಾ? ನೀವು ದುಡ್ಡು ಕಳಿಸಿಲ್ಲ. ನಿಮ್ಮಿಂದ ನನ್ನ ಬಸ್ಸಿನ ಸೀಟು ಹೋಗ್ತಿದೆ."

ಆ ದನಿ ಮೆಲ್ಲಗೆ ಕೇಳಿತು, "ಅಮ್ಮನ ಹತ್ರ ಹೋಗೋ ಹುಡುಗಿ ನೀನೇನಾ?"

ರೋಜೆಲ್ಡಾ ಬೆಚ್ಚಿದಳು. ಅದು ಅವಳ ಗುಟ್ಟು. ಮಾವ ಟೀ ಮಾಡಲು ಎದ್ದಾಗ ಲಾಂದ್ರದ ವಿವರದ ಕೊನೆಗೆ ಅವಳೇ ಒಂದು ಸಾಲು ಸೇರಿಸಿದ್ದಳು: 'ಈ ದುಡ್ಡು ನಾನು ನಮ್ಮ ಅಮ್ಮನನ್ನು ನೋಡಲು ಹೋಗುವ ಬಸ್ಸಿಗೆ.'

ಫೋನಿನಲ್ಲಿದ್ದ ಅಜ್ಜ ತಮ್ಮ ಹೆಸರು ಯಾಪಿ ಅಪೋಲಿಸ್ ಎಂದರು. ಟೌಸ್ ರಿವರ್ ಊರಿನವರು, ಅವರೂ ರೈಲಿನ ಗಾರ್ಡ್ ಆಗಿದ್ದವರು. ಲಾಂದ್ರದ ಫೋಟೊ ನೋಡುತ್ತಾ ಆ ಸಾಲು ಕಣ್ಣಿಗೆ ಬಿತ್ತು. ಆಗ ತಮ್ಮ ಚರ್ಚಿನ ಬಜಾರಿನಲ್ಲಿ, ಬಡವರಿಗಾಗಿ ದುಡ್ಡು ಕೂಡಿಸುವ ಸಂತೆಯಲ್ಲಿ, ಮಾಡುವ ಹಾಗೆ ಇಲ್ಲೂ ಮಾಡಿದ್ದಾಗಿ ಹೇಳಿದರು.

ಬಜಾರಿನ ಹರಾಜು ರೋಜೆಲ್ಡಾಗೂ ಗೊತ್ತಿತ್ತು. ಅಜ್ಜಿ ಮಾಡುವ ಹಾಲಿನ ಟಾರ್ಟ್ ಎಂಬ ಸಿಹಿ ಕೂಡ ಅಲ್ಲಿ ಹರಾಜಾಗುತ್ತಿತ್ತು. ಒಬ್ಬರು ಹತ್ತು ಕೂಗಿದರೆ ಆ ಹತ್ತನ್ನು ಬಟ್ಟಲಿಗೆ ಹಾಕುತ್ತಾರೆ. ಮುಂದಿನವರು ಇಪ್ಪತ್ತು ಎಂದರೆ ಅವರು ಏರಿಸಿದ ಹತ್ತು ಮಾತ್ರ ಅವರದ್ದು. ಹಾಗೆ ಎಲ್ಲರೂ ಸೇರಿ ಬೆಲೆ ಏರಿಸುತ್ತಾರೆ, ಇಡೀ ಬೆಲೆ ಒಬ್ಬರ ತಲೆಯ ಮೇಲೆ ಬೀಳುವುದೇ ಇಲ್ಲ. ಕಷ್ಟದಲ್ಲಿರುವವರಿಗೆ ಕೈ ಎತ್ತಿ ಕೊಡುವುದೆಂದರೆ ಅದೇ.

"ಒಂಬತ್ತು ಸಲ ಒತ್ತಿದೆ ಮಗಾ. ಸಲಕ್ಕೆ ಹತ್ತು ರ‍್ಯಾಂಡ್. ತೊಂಬತ್ತು ರ‍್ಯಾಂಡ್ ಕವರಿನಲ್ಲಿ ಹಾಕಿ ಇಟ್ಟಿದ್ದೀನಿ, ಇಲ್ಲೇ ಮೇಜಿನ ಮೇಲಿದೆ. ಎಲ್ಲಿಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಎಂಟುನೂರೈವತ್ತು ಕೊಡಿ ಅಂತ ಮೆಸೇಜು ಬಂತು." ಅವರ ದನಿ ಇಳಿಯಿತು. "ನನ್ನ ಪಿಂಚಣಿಯಲ್ಲಿ ಅಷ್ಟು ಎಲ್ಲಿ ಉಳಿಯುತ್ತೆ. ನಾಚಿಕೆಯಾಗಿ ಫೋನನ್ನ ಡ್ರಾಯರಿನಲ್ಲಿ ಹಾಕಿಬಿಟ್ಟೆ."

ರೋಜೆಲ್ಡಾ ಬೇಲಿಯ ತಂತಿಯನ್ನು ಉಗುರಿನಿಂದ ಕೆರೆದಳು. ಕೋಪ ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಮಾಡಬೇಕೋ ಗೊತ್ತಾಗಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದರು ಅಜ್ಜ. "ಹಸಿರಿಗೆ ತಿರುಗಿಸುವಾಗ ಅದು ಕಿರ್ ಅನ್ನುತ್ತಾ? ನನ್ನದು ಅನ್ನುತ್ತಿತ್ತು. ಆ ಸದ್ದು ಆದ್ರೆ ಮನೆ ಕಡೆ ಹೊರಟೆವು ಅಂತ."

"ಗೊತ್ತಿಲ್ಲ. ಪ್ಯಾಕ್ ಮಾಡಿಬಿಟ್ಟಿದ್ದೀವಿ," ಎಂದು ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಮಾವ ವ್ಯಾಪಾರ ರದ್ದು ಮಾಡಲು ಕೂತರು. ರೋಜೆಲ್ಡಾ ನಡೆದದ್ದೆಲ್ಲ ಹೇಳಿದಳು, ತಾನು ಸೇರಿಸಿದ ಸಾಲನ್ನೂ ಹೇಳಿದಳು. ಅಜ್ಜಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ಕಣ್ಣೊರೆಸಿಕೊಳ್ಳುವುದು ನಿಲ್ಲಲಿಲ್ಲ.

ಫೋನಿನ ಪರದೆ ಕಾರಣ ಕೇಳುತ್ತಿತ್ತು. 'ಕೊಂಡವರು ಹಣ ಕೊಡಲಿಲ್ಲ' ಎಂದು ಒಂದು. 'ಇಬ್ಬರೂ ಒಪ್ಪಿ ಬಿಟ್ಟೆವು' ಎಂದು ಇನ್ನೊಂದು.

ಮಾವ ಬಿಡಿಸಿ ಹೇಳಿದರು. ಮೊದಲನೆಯದು ಒತ್ತಿದರೆ ಹರಾಜಿನವರು ತಮ್ಮ ಶುಲ್ಕವೆಂದು ಹಿಡಿದುಕೊಂಡ ಅರವತ್ತು ರ‍್ಯಾಂಡ್ ವಾಪಸ್ಸು ಬರುತ್ತದೆ, ಆದರೆ ಅಪೋಲಿಸ್ ಅಜ್ಜನ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಎರಡನೆಯದಕ್ಕೆ ಗುರುತೂ ಇಲ್ಲ, ದುಡ್ಡೂ ಇಲ್ಲ.

"ಲಾಂದ್ರ ಮಾರ್ತಿರೋದು ನಿನ್ನ ಬಸ್ಸಿಗೆ. ನೀನೇ ಒತ್ತು," ಎಂದು ಮಾವ ಫೋನನ್ನು ಅವಳ ಮುಂದೆ ತಳ್ಳಿದರು.

ಆ ಅರವತ್ತಕ್ಕೆ ರೋಜೆಲ್ಡಾ ಕೇಳುತ್ತಲೇ ಒಂದು ಲೆಕ್ಕ ಹಾಕಿಬಿಟ್ಟಳು. ದಿನವಿಡೀ ತಣ್ಣನೆ ನೀರಿನಲ್ಲಿ ಮೀನು ತೊಳೆಯುವ ಅಮ್ಮನಿಗೆ ಉಣ್ಣೆಯ ಕೈಗವಸು. ಅಂಗಡಿಯ ಗಾಜಿನ ಹಿಂದೆ ನೀಲಿ ಬಣ್ಣದ್ದು ಇತ್ತು. ಅವಳು ಪರದೆಯನ್ನೇ ನೋಡುತ್ತಾ ಕೂತಳು. ಡ್ರಾಯರಿನೊಳಗೆ ಕತ್ತಲಲ್ಲಿ ಮಲಗಿದ ಒಂದು ಫೋನು, ಮೇಜಿನ ಮೇಲಿನ ಒಂದು ಕವರು ಅವಳಿಗೆ ಕಂಡಂತಾಯಿತು.

ಎರಡನೆಯದನ್ನು ಒತ್ತಿದಳು.

ಹರಾಜಿನಲ್ಲಿ ಎರಡನೆಯವರು ಬ್ಲೂಮ್‌ಫಾಂಟೀನಿನ ಟೀಚರ್ ಒಬ್ಬರು. ತಾವು ಕೂಗಿದ ಬೆಲೆಗೇ ಸಂತೋಷದಿಂದ ಒಪ್ಪಿದರು. ಆದರೆ ಅವರ ಹಣ ಬಂದು ತಲುಪುವ ಹೊತ್ತಿಗೆ ಮೂರು ದಿನ ಕಳೆಯಿತು. ಅಂಗಡಿಯ ಕೌಂಟರಿನ ಅಕ್ಕ ಕಂಪ್ಯೂಟರನ್ನು ಎರಡೆರಡು ಸಲ ನೋಡಿದಳು. ಇಪ್ಪತ್ತೆರಡಕ್ಕೆ ಸೀಟಿಲ್ಲ, ಇಪ್ಪತ್ತೇಳಕ್ಕೆ ಒಂದಿದೆ. ಕಿಟಕಿ ಪಕ್ಕದ್ದೇ ಕೊಡ್ತೀನಿ ಎಂದಳು.

ಇಪ್ಪತ್ತೇಳಕ್ಕೆ ಅಮ್ಮನ ರಜೆ ಮುಗಿದಿರುತ್ತದೆ. ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ ಮೂಗು ಎಳೆದುಕೊಂಡದ್ದು ಕೇಳಿತು. ಆಮೇಲೆ, "ಸಂಜೆಗಳಿವೆಯಲ್ಲ ಬಂಗಾರಿ. ಸಂಜೆ ಹೊತ್ತು ಜಡೆ ಹೆಣೆಯೋಣ," ಎಂದಳು.

ಆ ಮಧ್ಯಾಹ್ನ ಕೊರಿಯರಿನವನು ಬರುವುದರಲ್ಲಿದ್ದ. ಅಜ್ಜಿ ಡಬ್ಬಕ್ಕೆ ಅಂಟಿಸಲು ಟೇಪು ಕತ್ತರಿಸುತ್ತಿದ್ದರು. ರೋಜೆಲ್ಡಾ ಅವರ ಕೈ ಹಿಡಿದಳು.

"ಒಂದೇ ನಿಮಿಷ ಅಜ್ಜಿ."

ಪೇಪರು ಬಿಚ್ಚಿ ಲಾಂದ್ರವನ್ನು ಹೊರಗೆ ತೆಗೆದಳು. ಫೋನನ್ನು ಅದರ ಪಕ್ಕದಲ್ಲಿಟ್ಟು ರೆಕಾರ್ಡ್ ಒತ್ತಿದಳು. ಹೊರಗೆ ನಾಯಿ ಬೊಗಳುವುದು ನಿಲ್ಲುವವರೆಗೆ ಕಾದಳು. ಅಜ್ಜಿಯೂ ಕತ್ತರಿ ಕೆಳಗಿಟ್ಟು ಉಸಿರು ಬಿಗಿ ಹಿಡಿದರು.

ರೋಜೆಲ್ಡಾ ಲಾಂದ್ರದ ತಲೆಯನ್ನು ಹಿಡಿದು ಮೆಲ್ಲಗೆ, ಬಿಳಿಯಿಂದ ಕೆಂಪಿಗೆ, ಕೆಂಪಿನಿಂದ ಹಸಿರಿಗೆ ತಿರುಗಿಸಿದಳು.

ಕಿರ್.

ರೆಕಾರ್ಡಿಂಗನ್ನು ಅವಳು ಒಂದು ಸಲ ಕಿವಿಗೆ ಒತ್ತಿಕೊಂಡು ಕೇಳಿದಳು. ಆಮೇಲೆ ಟೌಸ್ ರಿವರ್‌ಗೆ, ಅಪೋಲಿಸ್ ಅಜ್ಜನಿಗೆ ಕಳಿಸಿದಳು.