ಗುಂಡು ಪಿನ್ನಿನೊಳಗಿನ ಹಸಿರು ದಾರ

ಇದು ನಡೆದದ್ದು ಮದ್ದೂರಿನಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ.

ನನ್ನ ಗೆಳೆಯ ನಜೀರ್ ಅಹ್ಮದ್ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲೇ ಕೂತು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು ಇಬ್ಬರಿಗೂ. ರೇಡಿಯೊವನ್ನು ಕಂಪ್ಯೂಟರಿಗೆ ಜೋಡಿಸಲು ಯಾವ ಪ್ಲಗ್ ಒಳ್ಳೆಯದೆಂದು ವರ್ಷಗಟ್ಟಲೆ ಜಗಳವಾಡಿದ್ದೆವು. ನಾನು ಯುಎಸ್‌ಬಿ ಎಂದರೆ ಅವನು ಇಯರ್‌ಫೋನಿಗಿರುವಂಥ ದುಂಡನೆಯ ಪಿನ್ ತೋರಿಸಿ, "ಗುಂಡು ಪಿನ್ನೇ ಹಾಕ್ಲಾ, ಕಣ್ಮುಚ್ಕಂಡ್ರೂ ಕೈಗೆ ಗೊತ್ತಾಯ್ತದೆ" ಅನ್ನುತ್ತಿದ್ದ. ಸೀಸ ಕರಗಿಸಿ ಸೋಲ್ಡರ್ ಮಾಡುವ ಮುನ್ನ ಅರ್ತ್ ವೈರಿಗೆ ದರ್ಗಾದ ಹಸಿರು ದಾರ ಸುತ್ತಿ, ತನ್ನದೇ ಒಂದು ಗಂಟು ಹಾಕುತ್ತಿದ್ದ.

ಅವನ ರೇಡಿಯೊ ಸೆಟ್ಟನ್ನು ಹೆಂಡತಿ ಶಮೀಮ್ ಬಾನು ನನಗೇ ಕೊಟ್ಟರು. ಅವನ ರಿಪೇರಿ ಅಂಗಡಿಯಲ್ಲೇ ಕೂತು, ಹಟಕ್ಕೆ ಯುಎಸ್‌ಬಿ ಜೋಡಿಸಿದೆ. ಕಂಪ್ಯೂಟರಿಗೆ ಏನೂ ಕೇಳಿಸಲಿಲ್ಲ. "ಆಯ್ತು ಕಣಪ್ಪ, ನೀನೇ ಗೆದ್ದೆ" ಎಂದು ಹೊಸ ಗುಂಡು ಪ್ಲಗ್ಗನ್ನೂ ವೈರನ್ನೂ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಾಗಿಲೆಳೆದುಕೊಂಡು ಹಿಂದಿನ ಮನೆಗೆ ಟೀ ಕುಡಿಯಲು ಹೋದೆ.

ಲೋಟ ಕೊಡುತ್ತಿದ್ದ ಶಮೀಮ್ ಬಾನು ತಟ್ಟನೆ ನಿಂತರು. "ಅವ್ರ ಅಂಗೀಲಿ ಬತ್ತಿತ್ತಲ್ಲ, ಅದೇ ಸೋಲ್ಡರ್ ವಾಸ್ನೆ. ಕರೆಂಟೇ ಇಲ್ವಲ್ಲಣ್ಣ?"

ಓಡಿ ಬಂದು ನೋಡಿದೆ. ಸೋಲ್ಡರಿಂಗ್ ಐರನ್ ತಣ್ಣಗಿತ್ತು. ಪ್ಲಗ್ ಮಾತ್ರ ವೈರಿಗೆ ಬೆಸೆದುಕೊಂಡು ಇನ್ನೂ ಬೆಚ್ಚಗಿತ್ತು. ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಹಸಿರು ದಾರ, ಅದಕ್ಕೆ ನಜೀರನದೇ ಗಂಟು.

ಆ ಗಂಟನ್ನು ಅವನು ಯಾರಿಗೂ ಕಲಿಸಿರಲಿಲ್ಲ.